ಮಾರಾಟಕ್ಕಿದ್ದ ಹಾಯಿದೋಣಿ

ಫೋನಿನಲ್ಲಿ ಆ ಗಂಡಸು ಹೇಳಿದ್ದು ಇಷ್ಟೇ. "ಒಂದು ಮಲಗೋ ಜಾಗ, ಒಂದು ಪುಟ್ಟ ಅಡುಗೆಮನೆ, ಕೂರೋದಕ್ಕೆ ಎರಡು ಬೆಂಚು. ಮೆತ್ತೆ, ದಿಂಬು, ಕಿಟಕಿ ಪರದೆ ಎಲ್ಲಾ ಹೊಸದಾಗಿ ಆಗ್ಬೇಕು. ಬಂದು ಅಳತೆ ತಗೊಂಡು ಹೋಗ್ತೀರಾ?"

ವಿಳಾಸ ಹೇಳುವಾಗ "ನೀರಿನ ಹತ್ತಿರಾನೇ" ಅಂದಿದ್ದ. ನೀರಿನ ಮೇಲೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಭಾನುವಾರ ಬೆಳಿಗ್ಗೆ ಹೆಗಲಿಗೆ ಚೀಲ, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಅವಳು ಬಂದರಿನ ಜೆಟ್ಟಿಯ ಹಲಗೆಗಳ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದಳು. ಸಾಲಾಗಿ ದೋಣಿಗಳು. ಮನೆಯ ಸುಳಿವೇ ಇಲ್ಲ. ಕೊನೆಗೆ ಒಂದು ಬಿಳಿ ಹಾಯಿದೋಣಿಯ ಹೊಟ್ಟೆಯೊಳಗಿಂದ ಕೆದರಿದ ಕೂದಲಿನ ತಲೆಯೊಂದು ಮೇಲೆ ಬಂತು. ಮೂಗಿನ ತುದಿಯಲ್ಲಿ ಗ್ರೀಸು.

"ಪರದೆ ಮೇಡಂ?"

"ಹೌದು. ಮನೆ ಎಲ್ಲಿ?"

"ನೀವು ಅದರ ಮುಂದೇನೇ ನಿಂತಿದೀರಿ."

ಬೇರೆ ಯಾರಾದರೂ ಆಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ವಾಪಸ್ ಹೋಗುತ್ತಿದ್ದರು. ಅವಳು ಹಾಗಲ್ಲ. ಅರ್ಧ ತೆರೆದ ಬಾಗಿಲು ಕಂಡರೆ ಇಣುಕದೆ ಮುಂದೆ ಹೋದವಳೇ ಅಲ್ಲ. "ಇದರೊಳಗೆ ಅಡುಗೆಮನೆ ಇದೆಯಾ?" ಅಂದವಳು ಉತ್ತರಕ್ಕೂ ಕಾಯದೆ ಚಪ್ಪಲಿ ಬಿಚ್ಚಿದಳು.

ಅವನು ಕೈ ಚಾಚಿದ. ಅವಳ ಭಾರಕ್ಕೆ ದೋಣಿ ಮೆಲ್ಲಗೆ ವಾಲಿತು. ಹಿಡಿದ ಕೈ ಒಂದು ಕ್ಷಣ ಬಿಗಿಯಾಯಿತು, ಆಮೇಲೆ ಸಂಕೋಚದಿಂದ ಸಡಿಲವಾಯಿತು.

ಒಳಗೆ ಎಲ್ಲವೂ ಎರಡೆರಡು ಕೆಲಸ ಮಾಡುತ್ತಿದ್ದವು. ಊಟದ ಮೇಜು ಕೆಳಗಿಳಿದರೆ ಮಂಚ. ಬೆಂಚಿನ ಹೊಟ್ಟೆಯಲ್ಲಿ ನೀರಿನ ತೊಟ್ಟಿ. ಮೆಟ್ಟಿಲು ತೆಗೆದರೆ ಹಿಂದೆ ಎಂಜಿನ್. ಅಲೆಗೆ ದೋಣಿ ವಾಲಿದರೂ ಪಾತ್ರೆ ಚೆಲ್ಲದಿರಲಿ ಅಂತ ಒಲೆ ತೊಟ್ಟಿಲ ಹಾಗೆ ತೂಗುತ್ತಿತ್ತು. ಕಿಟಕಿಗಳು ಗುಂಡಗಿದ್ದವು.

"ಗುಂಡು ಕಿಟಕಿಗೆ ನಾನು ಈವರೆಗೆ ಪರದೆ ಹೊಲಿದಿಲ್ಲ," ಅಂದಳು, ಅದರ ಅಂಚಿನ ಸುತ್ತ ಬೆರಳಾಡಿಸುತ್ತಾ. "ಇಷ್ಟು ಅಂದದ ಗೂಡಿಗೆ ಇದ್ದಕ್ಕಿದ್ದ ಹಾಗೆ ಹೊಸ ಬಟ್ಟೆ ಯಾಕೆ?"

"ಮಾರಬೇಕು ಅಂತಿದೀನಿ. ಒಳಗೆ ಚೆನ್ನಾಗಿ ಕಂಡ್ರೆ ಬೇಗ ಹೋಗುತ್ತಂತೆ."

"ಯಾಕೆ ಮಾರ್ತೀರಿ?"

"ಈ ದೋಣಿ ಇರೋವರೆಗೂ ನಿನಗೆ ಹೆಣ್ಣು ಸಿಗಲ್ಲ ಅಂತಾರೆ ನಮ್ಮಮ್ಮ."

"ಯಾರೂ ಸಿಕ್ಕಿರಲೇ ಇಲ್ವಾ?" ಕೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಒಬ್ಬರು ಸಿಕ್ಕಿದ್ರು. ನಿಶ್ಚಯಾನೂ ಆಯ್ತು. ಖುಷಿಯಲ್ಲಿ ಇದರಲ್ಲಿ ಕೂರಿಸ್ಕೊಂಡು ಹೋದೆ. ಅರ್ಧ ದಾರೀಲಿ ಎಂಜಿನ್ ಕೈ ಕೊಡ್ತು, ಗಾಳಿನೂ ನಿಂತೋಯ್ತು. ಇಡೀ ಮಧ್ಯಾಹ್ನ ಬಿಸಿಲಲ್ಲಿ ವಾಂತಿ ಮಾಡ್ಕೊಂಡು ಕೂತಿದ್ರು ಪಾಪ. ದಡಕ್ಕೆ ಬಂದ ತಕ್ಷಣ ಉಂಗುರ ಬಿಚ್ಚಿ ಈ ಮೇಜಿನ ಮೇಲಿಟ್ಟು ಹೊರಟುಹೋದ್ರು."

ನಗಬಾರದು, ನಗಬಾರದು ಅಂತ ಅವಳು ಟೇಪನ್ನು ಬಾಯಿಗೆ ಅಡ್ಡ ಹಿಡಿದಳು. ಅವನೇ ಮೊದಲು ನಕ್ಕ. ನಗುವಾಗ ಕಣ್ಣೆರಡೂ ಪೂರ್ತಿ ಮುಚ್ಚಿಹೋಗುತ್ತಿದ್ದವು. ಅದನ್ನು ಗಮನಿಸುವಷ್ಟರಲ್ಲಿ ಅವಳಿಗೆ ತೆಗೆದುಕೊಂಡ ಅಳತೆ ಮರೆತುಹೋಯಿತು.

*

ಅವನು ದಂತವೈದ್ಯ. ವಾರವೆಲ್ಲ ಕ್ಲಿನಿಕ್, ಭಾನುವಾರ ದೋಣಿ. ಅವಳದು ಪೇಟೆ ಬೀದಿಯಲ್ಲಿ ಪರದೆ, ಸೋಫಾ ಹೊದಿಕೆಗಳ ಅಂಗಡಿ. ಸೋದರತ್ತೆ ಬಟ್ಟೆ ಕತ್ತರಿಸಿದರೆ ಇವಳು ಹೊಲಿಯುವುದು. ಅಪ್ಪ ಅಮ್ಮ ಹೋದ ಮೇಲೆ ಅತ್ತೆಯೇ ಅವಳಿಗೆ ಮನೆ, ಅತ್ತೆಯೇ ಅಂಗಡಿ.

"ಇಡೀ ಟಾಕೀಸಿಗೆ ಪರದೆ ಹೊಲಿದಾಗಲೂ ಇಷ್ಟು ಸಲ ಅಳತೆಗೆ ಹೋಗಿರಲಿಲ್ಲ ಕಣೇ ನೀನು," ಅತ್ತೆ ಕತ್ತರಿಯಿಂದ ಕಣ್ಣೆತ್ತದೆ ಹೇಳಿದರು.

"ಒಂದು ಮೂಲೆನೂ ನೆಟ್ಟಗಿಲ್ಲ ಅತ್ತೆ. ದೋಣಿ ಗೋಡೆಗಳೆಲ್ಲ ವಾರೆ."

"ಗೋಡೆ ವಾರೆನೋ, ನಿನ್ನ ನೋಟ ವಾರೆನೋ."

ಅವಳು ಮಷೀನನ್ನು ಜೋರಾಗಿ ತುಳಿದಳು, ಕೇಳಿಸಲಿಲ್ಲ ಅನ್ನುವ ಹಾಗೆ.

ಆದರೆ ಅವಳಿಗೆ ಅಲ್ಲಿ ತಿಳಿದುಕೊಳ್ಳುವುದು ಮುಗಿಯುತ್ತಲೇ ಇರಲಿಲ್ಲ. ಒಂದು ಭಾನುವಾರ ಮೆತ್ತೆ ಕೂರಿಸಿ ನೋಡಲು ಹೋದವಳನ್ನು ಅವನು ಕೇಳಿದ, "ಒಂದು ಸುತ್ತು ಬರ್ತೀರಾ? ವಾಂತಿ ಬಂದ್ರೆ ನನ್ನ ಬೈಯೋ ಹಾಗಿಲ್ಲ."

ಬಂದರಿನ ಬಾಯಿ ದಾಟುವವರೆಗೂ ಎಂಜಿನ್ ಗಡಗಡ ಅನ್ನುತ್ತಿತ್ತು. ಆಮೇಲೆ ಅವನು ಹಾಯಿ ಏರಿಸಿದ. ಬಟ್ಟೆ ಒಂದೆರಡು ಸಲ ಪಟಪಟ ಬಡಿದು, ಗಾಳಿ ತುಂಬಿಕೊಂಡು ಉಬ್ಬಿತು. ಅವನು ಎಂಜಿನ್ ನಿಲ್ಲಿಸಿದ.

ಆ ಮೌನಕ್ಕೆ ಅವಳು ಸಿದ್ಧಳಾಗಿರಲಿಲ್ಲ. ದೋಣಿಯ ಪಕ್ಕೆಯನ್ನು ಸವರಿಕೊಂಡು ಹೋಗುವ ನೀರಿನ ಸದ್ದು, ಅಷ್ಟೇ. ಯಾರೋ ರೇಷ್ಮೆ ಹರಿಯುತ್ತಿದ್ದ ಹಾಗೆ.

"ಇದನ್ನ ಇಟ್ಕೊಳ್ಳೋದು ಒಳ್ಳೇದಾ, ಕೆಟ್ಟದ್ದಾ? ನಿಜ ಹೇಳಿ," ಎಂದು ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಎರಡೂ. ತಳಕ್ಕೆ ಚಿಪ್ಪು ಹತ್ತುತ್ತೆ, ಪ್ರತಿ ವರ್ಷ ದಡಕ್ಕೆ ಎಳೆಸಿ ಕೆರೀಬೇಕು. ಉಪ್ಪು ಕಬ್ಬಿಣಾನೆಲ್ಲ ತಿನ್ನುತ್ತೆ. ಒಗೆದ ಬಟ್ಟೆ ಒಣಗಲ್ಲ. ಲಂಗರು ಹಾಕಿ ಮಲಗಿದ್ರೂ ಒಂದು ಕಿವಿ ಎದ್ದೇ ಇರುತ್ತೆ, ಎಲ್ಲಿ ಜಾರುತ್ತೋ ಅಂತ."

"ಒಳ್ಳೇದು?"

ಅವನು ಚುಕ್ಕಾಣಿಯ ಹಿಡಿಯನ್ನು ಅವಳ ಕೈಗೆ ಕೊಟ್ಟ. "ಒಬ್ಬನೇ ನಿಭಾಯಿಸೋಷ್ಟು ಚಿಕ್ಕದು. ವಾರಗಟ್ಟಲೆ ಬದುಕೋಷ್ಟು ದೊಡ್ಡದು. ಎಲ್ಲಿಗೆ ಹೋದ್ರೂ ನಮ್ಮ ದಿಂಬು, ನಮ್ಮ ಲೋಟ ಜೊತೆಗೇ ಬರುತ್ತೆ. ಉಳಿದದ್ದು ಬಾಯಲ್ಲಿ ಹೇಳೋಕೆ ಬರಲ್ಲ. ಹಿಡಿದು ನೋಡಿ."

ಹಿಡಿದಳು. ಮರದೊಳಗೆ ಏನೋ ಜೀವ ಮಿಡಿಯುತ್ತಿತ್ತು. ಅವಳು ಎಡಕ್ಕೆ ಒತ್ತಿದರೆ ದೋಣಿ ಬಲಕ್ಕೆ ತಿರುಗಿತು. "ಅಯ್ಯೋ, ಇದೇನು ಉಲ್ಟಾ!" ಅಂತ ಕಿರುಚಿದಾಗ ಅವನ ಕೈ ಅವಳ ಕೈ ಮೇಲೆ ಬಂತು. ದೋಣಿ ನೇರವಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಾ ಕೂತರು.

*

ಕೊಳ್ಳುವವರು ಬರುತ್ತಿದ್ದರು, ಹೋಗುತ್ತಿದ್ದರು. ಯಾಕೆ ಹೋಗುತ್ತಿದ್ದರು ಅಂತ ಅವಳಿಗೆ ಬೇಗ ಗೊತ್ತಾಯಿತು. ಅವನು ಅವರನ್ನು ಕೂರಿಸಿಕೊಂಡು ದೋಣಿಯ ತೊಂದರೆಗಳನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಸೋರುವ ಸಂದು, ಬೂಷ್ಟು, ಕೈಯಿಂದ ಪಂಪು ಒತ್ತಬೇಕಾದ ಕಕ್ಕಸು. ಬಂದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಕೊನೆಯ ಪರದೆ ತೂಗು ಹಾಕುತ್ತಿದ್ದ ದಿನ ನಡುವಯಸ್ಸಿನ ಗಂಡ ಹೆಂಡತಿ ಬಂದರು. ಗಂಡನಿಗೆ ಆಸೆ, ಹೆಂಡತಿಗೆ ಅನುಮಾನ. ಡಾಕ್ಟರ್ ಎಂದಿನಂತೆ ಶುರು ಮಾಡಿದ. "ಇದರಲ್ಲಿ ಓಡಾಡೋದಕ್ಕಿಂತ ಇದನ್ನ ರಿಪೇರಿ ಮಾಡೋದೇ ಜಾಸ್ತಿ."

ಹೆಂಡತಿ ಇವಳ ಕಡೆ ತಿರುಗಿದರು. "ನೀವು ಏನಂತೀರಮ್ಮಾ? ಇವರ ಮನೆಯವರಾ?"

ಅವಳ ಬಾಯಲ್ಲಿದ್ದ ಗುಂಡುಸೂಜಿ ಬೀಳುವುದರಲ್ಲಿತ್ತು. "ಅಲ್ಲಲ್ಲ, ನಾನು ಪರದೆ ಹೊಲಿಯೋಳು."

"ಹಾಗಾದ್ರೆ ನೀವು ನಿಜ ಹೇಳ್ತೀರಿ. ಹೇಳಿ."

ಎಲ್ಲಿಂದ ಬಂತೋ ಮಾತು. "ಜಾಗ ಕಮ್ಮಿ, ನಿಜ. ಅದಕ್ಕೇ ಮುನಿಸ್ಕೊಂಡು ಬೇರೆ ಕೋಣೆಗೆ ಹೋಗೋಕಾಗಲ್ಲ. ಎದ್ರೆ ಕೂತ್ರೆ ಒಬ್ಬರಿಗೊಬ್ಬರು ದಾರಿ ಬಿಡಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಪಕ್ಕದಲ್ಲಿರೋರು ಉಸಿರಾಡೋದೂ ಕೇಳ್ಸುತ್ತೆ. ಒಂದು ಲೋಟ ಚಹಾ ಮಾಡೋಕೆ ಒಬ್ಬರು ಪಾತ್ರೆ, ಇನ್ನೊಬ್ಬರು ಲೋಟ ಹಿಡೀಬೇಕು. ಆ ಚಹಾ ಎಷ್ಟು ರುಚಿ ಅಂತೀರಿ! ದಡಕ್ಕೆ ಬಂದ್ಮೇಲೆ ನಂಗೆ ಮನೆ ತುಂಬಾ ದೊಡ್ಡದು ಅನಿಸೋಕೆ ಶುರುವಾಗಿದೆ."

ಹೆಂಡತಿ ಹೊಸ ಮೆತ್ತೆಯ ಮೇಲೆ ಕೂತರು. ಕೈಯಿಂದ ಒಮ್ಮೆ ಸವರಿದರು. "ತಗೊಳ್ಳೋಣ ರೀ," ಅಂದರು.

ಗಂಡ ಡಾಕ್ಟರ ಕೈ ಹಿಡಿದು ಕುಲುಕತೊಡಗಿದ. ಡಾಕ್ಟರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರಿಬ್ಬರೂ ಹೋದ ಮೇಲೆ ಅವನು ಹಗ್ಗವೊಂದನ್ನು ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತ.

"ಚೆನ್ನಾಗಿ ಹೇಳಿದ್ರಿ," ಅಂದ. ಅಷ್ಟೇ.

ಅವಳು ಸೂಜಿ ದಾರ ಎತ್ತಿಕೊಂಡು ಮನೆಗೆ ಬಂದಳು. ಅವನಿಗೆ ಮಾರುವ ಮನಸ್ಸೇ ಇರಲಿಲ್ಲ, ನಾನು ಮಧ್ಯೆ ಬಾಯಿ ಹಾಕಿ ಅವನ ಜೀವವನ್ನೇ ಮಾರಿಬಿಟ್ಟೆ ಅನ್ನಿಸಿತು. ಫೋನು ಬರಲಿಲ್ಲ. ಮುಂದಿನ ಭಾನುವಾರ ಅಂಗಡಿಯ ಗಾಜು ಒರೆಸಿದಳು. ಅದರ ಮುಂದಿನ ಭಾನುವಾರ ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

"ಹೋಗಿ ಕೇಳಿಬಿಡೇ ಅತ್ಲಾಗೆ," ಅಂದರು ಅತ್ತೆ. "ಗೊತ್ತಿಲ್ಲದೆ ಇರೋದು ನಿನಗೆ ಒಗ್ಗಲ್ಲ."

*

ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ಕೇಳಿದಳು, "ಏನು ತೊಂದರೆ ಮೇಡಂ?"

"ಹಲ್ಲು ನೋವು," ಅಂದಳು. ಬೇರೇನು ಹೇಳುವುದು?

ಅವನು ಮಾಸ್ಕ್ ಹಾಕಿಕೊಂಡೇ ಒಳಗೆ ಬಂದ. ಕುರ್ಚಿಯಲ್ಲಿ ಮಲಗಿದ್ದವಳನ್ನು ಕಂಡು ಬಾಗಿಲಲ್ಲೇ ನಿಂತ. ಆಮೇಲೆ ಕೈ ತೊಳೆದು, ಗ್ಲೌಸ್ ಹಾಕಿಕೊಂಡು ದೀಪ ಹಚ್ಚಿದ.

"ಯಾವ ಹಲ್ಲು?"

"ನೀವೇ ಹುಡುಕಿ."

ಪುಟ್ಟ ಕನ್ನಡಿ ಒಳಗೆ ಹೋಯಿತು. ಅವನು ಒಂದೊಂದನ್ನೇ ಮುಟ್ಟಿ ನೋಡಿದ, ನಿಧಾನವಾಗಿ. "ಒಂದೂ ಹುಳುಕಿಲ್ಲ."

"ಆಂ..."

"ಇಲ್ಲ, ಬಾಯಿ ಮುಚ್ಚಬೇಡಿ. ಮುಚ್ಚಿದ್ರೆ ಪ್ರಶ್ನೆ ಕೇಳ್ತೀರಿ. ನನಗೆ ಹೇಳಿ ಮುಗಿಸೋಕಾಗಲ್ಲ." ಅವನು ಕನ್ನಡಿಯನ್ನು ಬಾಯೊಳಗೇ ಹಿಡಿದಿದ್ದ. "ಮೊದಮೊದಲು ಬಂದೋರಿಗೆಲ್ಲ ದೋಣಿಯ ತೊಂದರೆ ಹೇಳಿ ಓಡಿಸ್ತಿದ್ದಿದ್ದು ದೋಣಿ ಮೇಲಿನ ಆಸೆಗೇ. ಆಮೇಲೆ ಅಲ್ಲ. ದೋಣಿ ಹೋದ್ರೆ ನಿಮಗೆ ಅಳತೆ ತಗೊಳ್ಳೋಕೆ ಏನೂ ಉಳಿಯಲ್ಲ. ನೀವು ಬರೋದೇ ನಿಂತ್ಹೋಗುತ್ತೆ. ಆವತ್ತು ನೀವು ಅವರಿಗೆ ಅಷ್ಟು ಖುಷಿಯಿಂದ ಹೇಳ್ತಿದ್ದಾಗ ಅಂದ್ಕೊಂಡೆ, ಇವರಿಗೆ ಇಷ್ಟ ಆಗಿದ್ದು ದೋಣಿ. ಅದು ಇಲ್ಲದ ನನ್ನ ಹತ್ರ ಇವರಿಗೆ ನೋಡೋದಕ್ಕೆ ಏನಿದೆ ಅಂತ. ಅದಕ್ಕೇ ಫೋನ್ ಮಾಡ್ಲಿಲ್ಲ."

ಅವಳು ಬಾಯಿ ತೆರೆದುಕೊಂಡೇ ಅವನನ್ನು ನೋಡಿದಳು. ಜೀವನದಲ್ಲಿ ಮೊದಲ ಸಲ ಅವಳಿಗೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹೇಳುವುದು ಮಾತ್ರ ಬೆಟ್ಟದಷ್ಟಿತ್ತು. ಎದ್ದು ಕೂತು, ಲೋಟದ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದಳು. ಇದಕ್ಕಿಂತ ಅಂದವಾಗಿ ಶುರು ಮಾಡಬಹುದಿತ್ತು ಅಂತ ಅನ್ನಿಸದೆ ಇರಲಿಲ್ಲ.

"ಒಬ್ಬಳೇ ಕೂತ್ಕೊಂಡು ಚಹಾ ಕುಡಿದ್ರೆ ಆ ದೋಣೀಲಿ ಏನಿದೆ ಡಾಕ್ಟ್ರೇ? ಬೂಷ್ಟಿನ ವಾಸನೆ. ಆ ಹೆಂಗಸಿಗೆ ನಾನು ನಿಮ್ಮ ವಿಷಯ ಹೇಳ್ತಿದ್ದೆ. ನಿಮ್ಮನ್ನ ಬಿಟ್ಟು ಎಲ್ಲರಿಗೂ ಅರ್ಥ ಆಯ್ತು."

ಅವನು ಮಾಸ್ಕ್ ಕೆಳಗೆಳೆದ. ಕಣ್ಣುಗಳು ಪೂರ್ತಿ ಮುಚ್ಚಿಹೋಗಿದ್ದವು.

ಬಾಗಿಲು ತಟ್ಟಿದ ಸದ್ದು. "ಡಾಕ್ಟ್ರೇ, ಹೊರಗೆ ಇನ್ನೂ ಇಬ್ಬರಿದಾರೆ."

"ಕೂರೋಕೆ ಹೇಳಮ್ಮಾ," ಅಂದ ಅವನು, ಅವಳ ಮೇಲಿಟ್ಟ ಕಣ್ಣು ತೆಗೆಯದೆ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಊಟದ ಹೊತ್ತಿಗೆ ಬಿಡುವಾಗುತ್ತೆ. ಎಲ್ಲಾದ್ರೂ ಹೋಗೋಣ್ವಾ? ನಡ್ಕೊಂಡೇ ಹೋಗ್ಬೇಕು, ಈಗ ನನ್ನ ಹತ್ರ ದೋಣಿ ಇಲ್ಲ."

"ಕಾಯ್ತೀನಿ," ಅಂದಳು.

ಹೊರಗೆ ಬಂದು, ಕೆನ್ನೆ ಊದಿಸಿಕೊಂಡು ನರಳುತ್ತಿದ್ದ ಇಬ್ಬರು ರೋಗಿಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಹಲ್ಲು ನೋವೆಂದು ಬಂದವಳು ಹೀಗೆ ಒಬ್ಬಳೇ ನಗುತ್ತಿರುವುದನ್ನು ಅವರು ಅನುಮಾನದಿಂದ ನೋಡಿದರು.