ಚೀಟಿ ಅಂಟಿಸಿದ ಕೇಬಲ್

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅವಳು ಒಂದು ಕೇಬಲ್ಲನ್ನು ಅಳಿಸಿದಳು. ಹತ್ತೂವರೆಗೆ ಎದುರು ಮೇಜಿನವನು ಮೇಲಿನ ಮಹಡಿಗೆ ವರ್ಗ ಕೇಳಿದ. ಇವೆರಡಕ್ಕೂ ಸಂಬಂಧವಿದೆ ಎಂದು ಅವಳಿಗೆ ಹೊಳೆಯಲು ಗುರುವಾರ ಬರಬೇಕಾಯಿತು.

ಈ ಕೇಬಲ್ ಕೈಗೆ ಸಿಗುವಂಥದ್ದಲ್ಲ. ಆ ಆಫೀಸಿನ ಸ್ವಿಚ್ಚು, ರೂಟರು, ತಂತಿ ಎಲ್ಲವೂ ಒಂದೇ ಸರ್ವರಿನ ಹೊಟ್ಟೆಯೊಳಗಿದ್ದವು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಎರಡು ತುದಿಯ ಕೇಬಲ್ ಹುಟ್ಟುತ್ತಿತ್ತು. ಒಂದು ತುದಿ ಅವಳ ಮೆಷಿನ್ನಿಗೆ, ಇನ್ನೊಂದು ಅವನದಕ್ಕೆ. ಎರಡೂ ತುದಿ ಆನ್ ಮಾಡಿದರೆ ಮಾತ್ರ ಸಂಪರ್ಕ; ಯಾವ ತುದಿ ಅಳಿಸಿದರೂ ಇಡೀ ಕೇಬಲ್ಲೇ ಮಾಯ. ಪ್ರತಿ ಕೇಬಲ್ಲಿಗೂ ಅದು ಯಾಕಿದೆ ಎಂದು ಪರದೆಯಲ್ಲೇ ಒಂದು ಚೀಟಿ ಬರೆಯಬೇಕು ಎಂಬುದು ಆಫೀಸಿನ ಮುಖ್ಯಸ್ಥೆ ಮೇಡಂ ಮಾಡಿದ ನಿಯಮ.

ಅವನು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ನೀರಿನ ಬಾಟಲಿಗೂ ಚೀಟಿ ಅಂಟಿಸುವ ಪುಣ್ಯಾತ್ಮ! ಹಾಗಾಗಿ ಎಲ್ಲರ ಬಾಯಲ್ಲಿ ಅವನು 'ಚೀಟಿ'. ಅವಳು 'ಪೊರಕೆ'. ಬಳಕೆಯಲ್ಲಿಲ್ಲದ್ದು ಕಂಡರೆ ಹಿಂದುಮುಂದು ನೋಡದೆ ಗುಡಿಸಿಹಾಕುವ ಕೈ. ಚೀಟಿ ಓದುವ ತಾಳ್ಮೆ ಅವಳಿಗೆ ಏಳು ಜನ್ಮಕ್ಕೂ ಇರಲಿಲ್ಲ.

ಆದರೂ ಅವನು ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಅದನ್ನೇ ಮೇಜಿನ ಕೆಳಗೆಲ್ಲ ಹುಡುಕುವುದನ್ನು ಅವಳು ದಿನಕ್ಕೆರಡು ಸಲ ಮಾನಿಟರಿನ ಮೇಲಿಂದ ಕದ್ದು ನೋಡುತ್ತಿದ್ದಳು. ಒಮ್ಮೊಮ್ಮೆ ಅವನೂ ತಟ್ಟನೆ ತಲೆಯೆತ್ತುತ್ತಿದ್ದ. ಆಗ ಇಬ್ಬರೂ ಗೋಡೆ ಗಡಿಯಾರ ನೋಡುತ್ತಿದ್ದರು. ಅದು ನಿಂತು ವರ್ಷವಾಗಿತ್ತು.

ಗುರುವಾರ ಅವನು ಸಾಮಾನು ಡಬ್ಬಕ್ಕೆ ತುಂಬುತ್ತಿದ್ದ.

"ಏನ್ರೀ, ನಿಜವಾಗ್ಲೂ ಹೋಗ್ತಿದ್ದೀರಾ?"

"ಹೂಂ."

"ಮೇಲೆ ಗಾಳಿ ಚೆನ್ನಾಗಿದೆಯಾ?"

"ಉತ್ತರ ಸಿಕ್ತಲ್ಲ. ಇಲ್ಲೇ ಕೂತು ನಿಮಗ್ಯಾಕೆ ಮುಜುಗರ ಮಾಡ್ಲಿ?"

"ಯಾವ ಉತ್ತರ?"

"ಸೋಮವಾರ ಅಳಿಸಿದ್ರಲ್ಲ, ಅದೇ."

ಡಬ್ಬ ಹೊತ್ತು ಅವನು ಮೆಟ್ಟಿಲೇರಿದ. ಡಬ್ಬದ ಮೇಲೂ ಚೀಟಿ ಇತ್ತು: 'ಡಬ್ಬ'.

ಅವಳು ಕುರ್ಚಿಗೆ ಬಂದು ಬಿದ್ದಳು. ಅಳಿಸುವ ಮುನ್ನ ಎಲ್ಲ ಕೇಬಲ್ಲುಗಳ ಪಟ್ಟಿಯನ್ನು ಚೀಟಿಗಳ ಸಮೇತ ತೆಗೆದಿದ್ದಳು. ಆ ಕಪ್ಪು ಪರದೆಯನ್ನು ಇನ್ನೂ ಮುಚ್ಚಿರಲಿಲ್ಲ. ಮೇಲಕ್ಕೆ, ಇನ್ನೂ ಮೇಲಕ್ಕೆ ಸ್ಕ್ರೋಲ್ ಮಾಡಿದಳು. ಸಿಕ್ಕಿತು.

'ಈ ಕೇಬಲ್ಲಿನಿಂದ ಕಂಪನಿಗೆ ಏನೂ ಪ್ರಯೋಜನವಿಲ್ಲ. ನಿಮ್ಮ ಕಡೆಗೊಂದು ದಾರಿ ಇರಲಿ ಎಂದು ಹಾಕಿದ್ದೇನೆ. ನೀವೆಂದರೆ ನನಗೆ ತುಂಬ ಇಷ್ಟ. ಬೇಡವಾದರೆ ಅಳಿಸಿಬಿಡಿ.'

ಮೂರು ವಾರದ ಹಿಂದಿನ ಚೀಟಿ! ಅವಳು ಇಂಗು ತಿಂದ ಮಂಗನಂತಾದಳು. ಇಷ್ಟು ದಿನ ಕದ್ದು ನೋಡಿದವನನ್ನು ತಾನೇ ಗುಡಿಸಿ ಹೊರಗೆ ಹಾಕಿದ್ದಳು.

ಹೊಸ ಕೇಬಲ್ ಹುಟ್ಟಿಸಿದಳು. ಒಂದು ತುದಿಯನ್ನು ತನ್ನ ಮೆಷಿನ್ನಿನಲ್ಲಿಟ್ಟು ಇನ್ನೊಂದನ್ನು ಅವನದಕ್ಕೆ ಸೇರಿಸಿದಳು. ಜೀವನದಲ್ಲಿ ಮೊದಲ ಬಾರಿ ಚೀಟಿ ಬರೆದಳು: 'ಓದದೆ ಅಳಿಸಿದೆ. ಈಗ ಓದಿದೆ. ನನಗೂ ತುಂಬ ಇಷ್ಟ. ಇದನ್ನು ಅಳಿಸಿದರೆ ಕೈ ಮುರಿಯುತ್ತೇನೆ.'

ಕಾದಳು. ಪರದೆಯಲ್ಲಿ 'ಸಂಪರ್ಕವಿಲ್ಲ' ಎಂದೇ ಬರುತ್ತಿತ್ತು. ಹತ್ತು ನಿಮಿಷವಾಯಿತು. ಕಣ್ಣು ತುಂಬಿ ಬಂತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಳು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅವನು ಏದುಸಿರು ಬಿಡುತ್ತ ಡಬ್ಬದ ಸಮೇತ ಬಂದು ನಿಂತ.

"ಯಾವ ಸೀಮೆ ಇಂಜಿನಿಯರ್ರೀ ನೀವು? ಚೀಟಿ ಓದಿ, ನನ್ನ ತುದಿ ಆನ್ ಮಾಡ್ಕೊಂಡು ಆಗಿನಿಂದ ಕಾಯ್ತಿದ್ದೀನಿ. ನಿಮ್ಮ ತುದಿ ಯಾರು ಆನ್ ಮಾಡ್ತಾರೆ, ನಿಮ್ಮಜ್ಜಿನಾ?"

ಅವಳು ಪರದೆ ನೋಡಿದಳು. ಹೌದು, ಆತುರದಲ್ಲಿ ಆ ಒಂದು ಸಾಲು ಮರೆತೇಬಿಟ್ಟಿದ್ದಳು. ಟೈಪ್ ಮಾಡಿದಳು. ತಪ್ಪಾಯಿತು. ಮತ್ತೆ ಮಾಡಿದಳು, ಮತ್ತೆ ತಪ್ಪು.

"ನೀವು ಹಾಗೆ ನೋಡ್ತಾ ನಿಂತ್ರೆ ಆಗಲ್ಲ, ಆ ಕಡೆ ತಿರುಗಿ."

ಅವನು ಗಡಿಯಾರದ ಕಡೆ ತಿರುಗಿದ. ಮೂರನೇ ಸಲ ಸರಿಯಾಯಿತು.

"ಬಂತು," ಎಂದಳು, ಮೆಲ್ಲಗೆ.

"ನಂಗೊತ್ತಿತ್ತು," ಎಂದ ಗಡಿಯಾರಕ್ಕೆ. ಕಿವಿಯೆಲ್ಲ ಕೆಂಪಾಗಿತ್ತು.

"ಸುಳ್ಳು. ಗೊತ್ತಿದ್ರೆ ಡಬ್ಬ ಯಾಕೆ ಹೊತ್ಕೊಂಡು ಹೋಗ್ತಿದ್ರಿ? ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ? ಬಾಯಿಬಿಟ್ಟು ಕೇಳಬಾರದಿತ್ತಾ?"

"ಕೇಳೋಕೆ ಧೈರ್ಯ ಬೇಕಲ್ಲ. ಚೀಟಿ ಬರೆಯೋಕೆ ಅಷ್ಟು ಬೇಡ."

ಅವಳು ಅವನ ಕಿವಿಯ ಹಿಂದಿನ ಪೆನ್ನು ಕಿತ್ತುಕೊಂಡಳು. ಡಬ್ಬದ ಮೇಲಿನ ಚೀಟಿ ಕಿತ್ತು, ಅದರ ಮೇಲೆ ಏನನ್ನೋ ಗೀಚಿ, ಅವನ ಅಂಗಿಯ ಜೇಬಿನ ಮೇಲೆ ಅಂಗೈಯಿಂದ ಒತ್ತಿ ಅಂಟಿಸಿದಳು. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಅವನು ತಲೆ ಬಗ್ಗಿಸಿ, ಅವಳ ಬೆರಳುಗಳ ಸಂದಿಯಲ್ಲಿ ತಲೆಕೆಳಗಾಗಿ ಓದಿದ:

'ಬಳಕೆಯಲ್ಲಿದೆ. ಯಾರೂ ಅಳಿಸಬಾರದು.'