ಹದಿನಾಲ್ಕು ಸಲ ಸಡಿಲಾದ ಸ್ಕ್ರೂ

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ತಾಯಿಯ ಜೊತೆ ಠಾಣೆಯ ಮೆಟ್ಟಿಲು ಹತ್ತಿದಳು. ಮೊದಲು ಬಾಯಿ ಬಿಟ್ಟದ್ದು ತಾಯಿ.

"ತಪ್ಪೆಲ್ಲ ನಂದೇ ಮೇಡಂ. ಒಬ್ರು ಮನೆಗೆ ಬಂದು ಅಂಗಡಿಯವರು ಕಳಿಸಿದ್ದಾರೆ ಅಂದ್ರು, ಒಳಗೆ ಕೂರಿಸಿ ನೀರು ಕೊಟ್ಟೆ. ಮಗಳಿಗೆ ಯಾವತ್ತು ರಜ ಅಂತ ಕೇಳಿದ್ರು, ಹೇಳ್ಬಿಟ್ಟೆ."

ಇಂಥ ದೂರು ತರುವವರು ತಮ್ಮ ತಪ್ಪೇನೆಂದು ಹುಡುಕಿಕೊಂಡೇ ಬಂದಿರುತ್ತಾರೆಂಬುದು ಇನ್ಸ್‌ಪೆಕ್ಟರಮ್ಮನಿಗೆ ಇಪ್ಪತ್ತು ವರ್ಷದ ನೌಕರಿ ಕಲಿಸಿತ್ತು. "ನೀರು ಕೊಟ್ಟಿದ್ದು ತಪ್ಪಲ್ಲಮ್ಮ. ಸುಳ್ಳು ಹೇಳಿ ಒಳಗೆ ಬಂದಿದ್ದು ತಪ್ಪು," ಎಂದು ಮಗಳ ಕಡೆ ತಿರುಗಿದರು. "ಯಾರವ್ರು?"

"ಗಿರಾಕಿ. ಮೂರು ತಿಂಗಳಿಂದ ಬರ್ತಾರೆ. ಸ್ಕ್ರೂ ಸಡಿಲಾಯ್ತು ಅಂತಾರೆ. ನಾನೇ ಬಿಗಿ ಮಾಡ್ಬೇಕು, ನಾನೇ ಮುಖಕ್ಕೆ ಹಾಕಿ ನೋಡ್ಬೇಕು. ಈಗ ಬಸ್ ಸ್ಟಾಪಿಗೂ ಬರ್ತಾರೆ. ಬರ್ಬೇಡಿ ಅಂತ ಎರಡು ಸಲ ಹೇಳಿದ್ದೀನಿ."

"ಮಾಲೀಕರಿಗೆ?"

"ಹೇಳ್ದೆ. ವಯಸ್ಸಾದವ್ರು, ಸ್ವಲ್ಪ ಸಹಿಸ್ಕೋ ಅಂದ್ರು."

ಎಫ್‌ಐಆರ್ ದಾಖಲಾಯಿತು. ಬರೆದುಕೊಂಡವನು ಪೇದೆ. ಯಾರಾದರೂ ಕೆಮ್ಮಿದರೂ ಗಂಟೆ ಗುರುತು ಹಾಕಿಕೊಳ್ಳುವ ಅವನನ್ನು ಠಾಣೆಯವರೆಲ್ಲ 'ಡೈರಿ' ಎಂದೇ ಕರೆಯುತ್ತಿದ್ದರು.

ಹನ್ನೆರಡೂಕಾಲಿಗೆ ಇನ್ಸ್‌ಪೆಕ್ಟರ್ ಮತ್ತು ಡೈರಿ ಕನ್ನಡಕದಂಗಡಿಯಲ್ಲಿದ್ದರು. ಮಾಲೀಕ ಕೈ ಹೊಸಕಿಕೊಂಡ. "ಗಿರಾಕಿ ಅಂದ್ರೆ ನಮಗೆ ದೇವರು ಮೇಡಂ."

"ದೇವರು ಬಸ್ ಸ್ಟಾಪಿನವರೆಗೂ ಬೆನ್ನು ಹತ್ತಲ್ಲ ಸಾರ್," ಎಂದ ಡೈರಿ. ಇನ್ಸ್‌ಪೆಕ್ಟರ್ ಅವನತ್ತ ಕಣ್ಣು ಬಿಟ್ಟರೂ ಮಾತನ್ನು ಅಲ್ಲಗಳೆಯಲಿಲ್ಲ.

ರಿಪೇರಿ ಪುಸ್ತಕದಲ್ಲಿ ಆ ಗಿರಾಕಿಯ ಹೆಸರು, ವಿಳಾಸ ಹದಿನಾಲ್ಕು ಸಲ ಇತ್ತು.

"ಒಂದೇ ಸ್ಕ್ರೂ ಇಷ್ಟು ಸಲ ಹೇಗೆ ಸಡಿಲಾಗುತ್ತೆ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಹೊಸದು ಹಾಕಿ ಕೊಟ್ವಿ. ಅದೂ ಸಡಿಲಾಯ್ತು," ಎಂದ ಮಾಲೀಕ. ಹಾಗೆನ್ನುವಾಗ ಅವನಿಗೇ ಏನೋ ಹೊಳೆದಂತಾಗಿ ತಲೆ ತಗ್ಗಿಸಿದ.

ಎದುರಿನ ಬೇಕರಿಯ ಕ್ಯಾಮೆರಾ ಉಳಿದದ್ದನ್ನು ಹೇಳಿತು. ಶನಿವಾರ ಸಂಜೆ ನಾಲ್ಕು ಹತ್ತು. ಬೆಂಚಿನ ಮೇಲೆ ಕೂತ ವೃದ್ಧ ಕನ್ನಡಕ ತೆಗೆದು, ಜೇಬಿನಿಂದ ಸಣ್ಣದೇನನ್ನೋ ಹೊರಗೆಳೆದು, ಕನ್ನಡಕದ ಸ್ಕ್ರೂಗೆ ಹಚ್ಚಿ, ನೋಡದೆಯೇ ಎರಡು ಸುತ್ತು ತಿರುಗಿಸಿದ. ಆಮೇಲೆ ತಲೆಗೂದಲು ಸರಿಮಾಡಿಕೊಂಡು ಅಂಗಡಿಯತ್ತ ನಡೆದ.

"ಪಳಗಿದ ಕೈ," ಎಂದರು ಇನ್ಸ್‌ಪೆಕ್ಟರ್.

ಬುಧವಾರ ಒಂಬತ್ತೂವರೆಗೆ ಪುಸ್ತಕದಲ್ಲಿದ್ದ ವಿಳಾಸ ಹಿಡಿದು ಹೋದರು. ಒಂದೇ ಕೋಣೆಯ ಮನೆ. ಕಿಟಕಿ ಬಳಿ ಗಡಿಯಾರ ರಿಪೇರಿಯ ಮೇಜು, ಅದರ ಮೇಲೆ ಬಟ್ಟೆ ಹೊದಿಸಿತ್ತು. ನಲವತ್ತು ವರ್ಷ ಅದೇ ಅವನ ಕಸುಬು. ಅವನ ಗಡಿಯಾರದಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ನೆರೆಯ ಇಬ್ಬರು ಪಂಚರ ಎದುರು ಪಂಚನಾಮೆ ನಡೆದು, ಅಂಗಿಯ ಜೇಬಿನಿಂದ ಒಂದು ಸಣ್ಣ ಸ್ಕ್ರೂಡ್ರೈವರ್, ಮೇಜಿನಿಂದ ಒಂದು ನೋಟ್‌ಬುಕ್ ವಶವಾದವು. ಅದರಲ್ಲಿ ಹುಡುಗಿ ಬಸ್ ಹತ್ತುವ ಹೊತ್ತು, ಇಳಿಯುವ ಹೊತ್ತು, ರಜದ ದಿನ ನಿಮಿಷ ತಪ್ಪದಂತೆ ದಾಖಲಾಗಿದ್ದವು. ಓದುತ್ತ ಪೇದೆ ಡೈರಿಯ ಮುಖ ಸಪ್ಪಗಾಯಿತು.

"ನಾನವಳಿಗೆ ಏನೂ ಮಾಡಿಲ್ಲಮ್ಮ," ಎಂದ ವೃದ್ಧ.

"ಆ ಹುಡುಗಿ ಹತ್ತು ದಿನದಿಂದ ಎರಡು ಸ್ಟಾಪ್ ಮೊದಲೇ ಇಳಿದು ಗಲ್ಲಿ ಸುತ್ತಿ ಮನೆ ಸೇರ್ತಿದ್ದಾಳೆ. ಕೆಲಸ ಬಿಡೋಕೂ ತಯಾರಾಗಿದ್ದಾಳೆ. ಅದನ್ನ ಮಾಡಿದ್ದು ಯಾರು?"

ಹತ್ತು ಐದಕ್ಕೆ ಬಂಧನವಾಯಿತು.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ತಡೆತಡೆದು ಮಾತಾಡಿದ. ಹೆಂಡತಿ ತೀರಿಕೊಂಡು ಮೂರು ವರ್ಷ. ಅಂದಿನಿಂದ ಅವನ ಮುಖವನ್ನು ಹತ್ತಿರದಿಂದ ನೋಡಿದವರಿಲ್ಲ. "ಮೊದಲನೇ ಸಲ ಸ್ಕ್ರೂ ನಿಜವಾಗ್ಲೂ ಸಡಿಲಾಗಿತ್ತು. ಆ ಮಗು ಕನ್ನಡಕ ಹಾಕಿ, ಎಲ್ಲೂ ನೋಯ್ತಿಲ್ಲ ತಾನೆ ಅಂತ ಕೇಳ್ತು."

"ಎಲ್ಲರನ್ನೂ ಕೇಳ್ತಾಳೆ. ಅದು ಅವಳ ಕೆಲಸ."

"ಗೊತ್ತು," ಎಂದ. "ಗೊತ್ತಿದ್ದೂ ಹೋದೆ."

ಇನ್ಸ್‌ಪೆಕ್ಟರ್ ಅದನ್ನೂ ಬರೆಸಿಕೊಂಡರು. ಹೇಳಿಕೆಯಲ್ಲಿ ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಸಹಿ ಹಾಕಿದ ಮೇಲೆ ಅವನು ತಲೆಯೆತ್ತಿದ.

"ಒಂದೇ ಒಂದು ಸಲ ಅಂಗಡಿಗೆ ಹೋಗಿ ಕ್ಷಮೆ ಕೇಳ್ಲಾ?"

"ಬೇಡ," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. "ನೀವು ಇನ್ನು ಬರಲ್ಲ ಅನ್ನೋದೇ ಅವಳಿಗೆ ಬೇಕಾಗಿರೋದು."