ಮೇಡಂ, ಆ ಪುಸ್ತಕ ಎಲ್ಲಿದೆ?

ಸೋಲದೇವನಹಳ್ಳಿಯ ಕಾಲೇಜೊಂದರ ಲೈಬ್ರರಿಯಲ್ಲಿ ಈಗೀಗ ಲೈಬ್ರೇರಿಯನ್ ಧನಲಕ್ಷ್ಮಿಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಅದಕ್ಕೆ ಕಾರಣ ಅವಳೇ. ಬೇಸಿಗೆ ರಜೆಯಿಡೀ ಕೂತು ಒಂದೊಂದು ಕಪಾಟಿಗೂ ಕ್ಯೂಆರ್ ಕೋಡ್ ಅಂಟಿಸಿದ್ದಳು. ಫೋನ್ ಹಿಡಿದರೆ ಸಾಕು, ಆ ವಿಷಯದ ಪುಸ್ತಕಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಓದಿದವರು ತಮ್ಮದೇ ಮಾತಿನಲ್ಲಿ ಟ್ಯಾಗ್ ಕೂಡ ಹಾಕಬಹುದಿತ್ತು: 'ಸುಲಭವಾಗಿದೆ', 'ಎಕ್ಸಾಂ ಹಿಂದಿನ ದಿನಕ್ಕೆ', 'ಚಿತ್ರಗಳಿಗಾಗಿ ನೋಡಿ'. ಧೂಳು ತಿನ್ನುತ್ತಿದ್ದ ಪುಸ್ತಕಗಳು ಹುಡುಗರ ಬ್ಯಾಗು ಸೇರಿದವು. ಪ್ರಿನ್ಸಿಪಾಲರು ಹೊಗಳಿದರು. ಆದರೆ "ಮೇಡಂ, ಆ ಪುಸ್ತಕ ಎಲ್ಲಿದೆ?" ಎಂದು ಕೌಂಟರಿಗೆ ಬರುತ್ತಿದ್ದ ಮುಖಗಳೆಲ್ಲ ಫೋನಿನತ್ತ ಬಾಗಿದವು.

ಯಲಹಂಕದ ಬಾಡಿಗೆ ಮನೆಯಲ್ಲೂ ಮಾತಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳು ಟಿವಿ ಹಾಕಿಟ್ಟೇ ಅಡುಗೆ ಮಾಡುತ್ತಿದ್ದಳು; ನೋಡುವುದಕ್ಕಲ್ಲ.

ಕೇಳುವವನು ಒಬ್ಬನೇ ಉಳಿದಿದ್ದ. ಸಸ್ಯಶಾಸ್ತ್ರ ಕಲಿಸುವ ಅಶ್ವತ್ಥ್, ಹೆಸರಘಟ್ಟದವನು.

"ಹುಲ್ಲಿನ್ ಬಗ್ಗೆ ಏನಾದ್ರೂ ಹೊಸ್ದು ಬಂದಿದ್ಯಾ ಮೇಡಂ?"

"ಕಪಾಟ್ ಮೇಲೆ ಕೋಡ್ ಇದ್ಯಲ್ಲ ಸರ್."

"ನನ್ ಫೋನ್ ಕ್ಯಾಮೆರಾ ಕೆಟ್ಟೋಗಿದೆ ಕಣ್ರೀ."

"ರಿಪೇರಿ ಮಾಡಿಸ್ಬಾರ್ದಾ?"

"ನಿಮ್ಮಷ್ಟ್ ಚೆನ್ನಾಗಿ ಅದು ಹುಡ್ಕಲ್ಲ ಬಿಡಿ."

ಅವಳು ಸುಳ್ಳು ಸಿಡುಕು ತೋರಿಸಿ ಏಳುತ್ತಿದ್ದಳು. ಇಬ್ಬರೂ ಕಪಾಟುಗಳ ನಡುವೆ ನಿಧಾನ ನಡೆಯುತ್ತಿದ್ದರು. ಅವನ ಕಣ್ಣು ಪುಸ್ತಕಗಳಿಗಿಂತ ಹೆಚ್ಚು ಅವಳ ಬೆರಳುಗಳ ಮೇಲಿರುತ್ತಿತ್ತು. ಅವಳು ತಿರುಗಿದರೆ ಥಟ್ಟನೆ ಪುಸ್ತಕಕ್ಕೆ ಹಾರುತ್ತಿತ್ತು.

ಒಂದು ಮಧ್ಯಾಹ್ನ ಗೇಟಿನಾಚೆಯ ಟೀ ಅಂಗಡಿಯಲ್ಲಿ ಅವನು ಫೋನೆತ್ತಿ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದನ್ನು ಅವಳು ನೋಡಿದಳು.

ಕ್ಯಾಮೆರಾ ಕೆಟ್ಟಿರಲೇ ಇಲ್ಲ. ಇವಳಿಗೆ ಯಾರೂ ಇಲ್ಲ, ಪಾಪ, ಎರಡು ಮಾತಾಡಿಸೋಣ ಎಂದುಕೊಂಡಿದ್ದಾನೆ. ಹಾಗೆಂದೇ ಅನಿಸಿತು ಅವಳಿಗೆ.

ಮರುದಿನ ಅವನು ಬಂದಾಗ ತಲೆ ಎತ್ತಲಿಲ್ಲ. "ಕೋಡ್ ಅಲ್ಲೇ ಇದೆ ಸರ್. ಸ್ಕ್ಯಾನ್ ಮಾಡ್ಕೊಳ್ಳಿ."

ಅವನು ಕಪಾಟಿನತ್ತ ಹೋಗದೆ ಹೊರಟುಹೋದ. ಆ ವಾರ ಮತ್ತೆ ಬರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅವಳು ನೋಡುತ್ತಿದ್ದಳು, ನೋಡಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಶನಿವಾರ ಸಂಜೆ, ಲೈಬ್ರರಿ ಖಾಲಿಯಾಗಿದ್ದಾಗ ಬಂದ.

"ನಾನೇನ್ ತಪ್ಪು ಮಾಡ್ದೆ?"

"ನಿಮ್ ಕ್ಯಾಮೆರಾ ಚೆನ್ನಾಗೇ ಇದೆ. ಟೀ ಅಂಗ್ಡೀಲಿ ನೋಡ್ದೆ." ಅವಳು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. "ಕನಿಕರ ತೋರ್ಸೋಕೆ ಇಲ್ಲಿಗ್ ಬರ್ಬೇಡಿ."

"ಕನಿಕರಾನಾ?" ಅವನ ಮುಖ ಕೆಂಪಾಯಿತು. "ಸುಳ್ ಹೇಳಿದ್ದು ನಿಜ. ನಂಗೆ ಪುಸ್ತಕ ಬೇಕಿರ್ಲಿಲ್ಲ ಮೇಡಂ. ನೀವ್ ಎದ್ದು ನನ್ ಜೊತೆ ನಾಲ್ಕ್ ಹೆಜ್ಜೆ ನಡೀತೀರಲ್ಲ, ಅದ್ ಬೇಕಿತ್ತು. ನಾಳೆ ನೀವ್ ಸಿಗಲ್ಲ ಅಂತ ಶನಿವಾರ ಬಂದ್ರೇನೇ ನಂಗ್ ಬೇಜಾರು."

ಯಾರಿಗೂ ಹೇಳಿರದ ಮಾತು ಅವಳ ಬಾಯಿಗೆ ಬಂತು.

"ನಂಗೂ ಭಾನುವಾರ ಕಳ್ಯೋದೇ ಕಷ್ಟ."

"ಹಂಗಾದ್ರೆ ನಾಳೆ ನಮ್ಮನೆಗ್ ಬನ್ನಿ. ಅಮ್ಮ ಇರ್ತಾರೆ. ಊಟ ಮಾಡ್ಕೊಂಡು ಕೆರೆ ಕಡೆ ಹೋಗ್ಬರೋಣ."

"ಅಮ್ಮಂಗೆ ನಾನ್ ಯಾರು ಅಂತ ಹೇಳ್ತೀರಿ?"

"ಏನಂತ ಹೇಳ್ಲಿ?"

"ಮೇಡಂ ಅಂತ ಹೇಳ್ಬೇಡಿ. ಧನಲಕ್ಷ್ಮಿ ಅಂತ ಹೇಳಿ."

"ಧನಲಕ್ಷ್ಮಿ," ಎಂದ ಅವನು, ಮೆಲ್ಲಗೆ, ಅಭ್ಯಾಸ ಮಾಡಿಕೊಳ್ಳುವವನಂತೆ.

ಕಿಟಕಿ ಮುಚ್ಚುವ ನೆಪದಲ್ಲಿ ಅವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. "ಇನ್ನೊಂದ್ಸಲ ಹೇಳಿ," ಎಂದಳು.